ಬುತ್ತಿಯ ಪಕ್ಕದಲ್ಲಿ ಬೀಜ: ‘ಪ್ಯಾರಬಲ್ ಆಫ್ ದಿ ಸೋವರ್’ ಯಾಕೆ ಓದಬೇಕು

ಕೆಟ್ಟ ಕಾಲ ಬಂತೆಂದರೆ ವಿಜಯಪುರದ ಕಡೆ ಜನ ಬಬಲಾದಿಯ ಕಾಲಜ್ಞಾನದಲ್ಲಿ ಏನು ಹೇಳಿದೆ ಎಂದು ಕೇಳುತ್ತಾರೆ. ಆಕ್ಟೇವಿಯಾ ಬಟ್ಲರ್ ಅವರ ಈ ಇಂಗ್ಲಿಷ್ ಕಾದಂಬರಿಯನ್ನೂ ಈಗ ಅನೇಕರು ಹಾಗೆಯೇ ಓದುತ್ತಿದ್ದಾರೆ. 1993ರಲ್ಲಿ ಬಂದ ಪುಸ್ತಕ, ಕಥೆ ಶುರುವಾಗುವುದು 2024ರ ಜುಲೈಯಲ್ಲಿ. ಕ್ಯಾಲಿಫೋರ್ನಿಯಾದಲ್ಲಿ ಮಳೆಯಿಲ್ಲ, ನೀರು ಪೆಟ್ರೋಲಿಗಿಂತ ತುಟ್ಟಿ, ಓಣಿಯ ಸುತ್ತ ಗೋಡೆ. ಎಷ್ಟು ನಿಜವಾಯಿತೆಂದು ಲೆಕ್ಕ ಹಾಕುತ್ತ ಕೂತರೆ ಮುಖ್ಯವಾದದ್ದೇ ತಪ್ಪಿಹೋಗುತ್ತದೆ.

ನಾಯಕಿ ಲಾರೆನ್‌ಗೆ 15 ವರ್ಷ. ಅಪ್ಪ ಬ್ಯಾಪ್ಟಿಸ್ಟ್ ಪಾದ್ರಿ. ಅಪ್ಪನ ದೇವರನ್ನು ಅವಳ ಮನಸ್ಸು ಒಪ್ಪುವುದಿಲ್ಲ. ಬದಲಾವಣೆಯೇ ದೇವರು ಎಂದು ಸಣ್ಣ ಪದ್ಯಗಳನ್ನು ಬರೆದಿಡುತ್ತಾಳೆ. ಜೊತೆಗೇ, ಗೋಡೆ ಒಂದಿಲ್ಲೊಂದು ದಿನ ಬಿದ್ದೇ ಬೀಳುತ್ತದೆಂದು ಗಂಟು ಕಟ್ಟುತ್ತಾಳೆ: ಸಣ್ಣ ಕೊಡಲಿ, ನೀರು ಕುದಿಸಲು ಹಗುರ ಪಾತ್ರೆ, ಕಡ್ಡಿಪೆಟ್ಟಿಗೆ, ಒಣಹಣ್ಣು, ದುಡ್ಡು, ಬಿತ್ತನೆ ಬೀಜ. 2019ರ ಆಗಸ್ಟ್‌ನಲ್ಲಿ ಕೃಷ್ಣಾ, ಘಟಪ್ರಭಾ, ಮಲಪ್ರಭಾ ಉಕ್ಕಿ ಬಂದಾಗ ಉಟ್ಟ ಬಟ್ಟೆಯಲ್ಲೇ ಮನೆ ಬಿಟ್ಟ ಬೆಳಗಾವಿ, ಬಾಗಲಕೋಟೆ ಸೀಮೆಯ ಜನಕ್ಕೆ ಈ ಗಂಟಿನ ಅರ್ಥ ಹೇಳಿಕೊಡಬೇಕಿಲ್ಲ. ಆದರೆ ಆ ಬೀಜದ ಹತ್ತಿರ ಸ್ವಲ್ಪ ನಿಲ್ಲಿ. ತಿಂದು ಮುಗಿಸುವ ಬುತ್ತಿಯ ಪಕ್ಕದಲ್ಲಿ ಬಿತ್ತುವ ಬೀಜ ಇಟ್ಟವಳು ಎಲ್ಲೋ ನೆಲ ಸಿಕ್ಕೇ ಸಿಗುತ್ತದೆಂದು ನಂಬಿದ್ದಾಳೆ. ಕಾದಂಬರಿಯ ಭರವಸೆಯೆಲ್ಲ ಆ ಪೊಟ್ಟಣದಲ್ಲಿದೆ.

2027ರಲ್ಲಿ ಓಣಿ ಸುಟ್ಟುಹೋದ ಮೇಲೆ ಲಾರೆನ್ ಮತ್ತು ಬದುಕುಳಿದ ಇನ್ನಿಬ್ಬರು ಹೆದ್ದಾರಿ ಹಿಡಿದು ಉತ್ತರಕ್ಕೆ ನಡೆಯುತ್ತಾರೆ. ಲಾರೆನ್‌ಳದು ಗಂಡುಡುಗೆ. ರಾತ್ರಿ ಪಾಳಿ ಪ್ರಕಾರ ಕಾವಲು. ದಾರಿಯಲ್ಲಿ ಸಿಕ್ಕವರನ್ನು ಒಬ್ಬೊಬ್ಬರಾಗಿ, ಅಳೆದು ತೂಗಿ ಸೇರಿಸಿಕೊಳ್ಳುವ ರೀತಿಯನ್ನು ಬಟ್ಲರ್ ಬಹಳ ಚೆನ್ನಾಗಿ ಬರೆದಿದ್ದಾರೆ. ಇನ್ನೊಬ್ಬರ ನೋವು ಕಣ್ಣಿಗೆ ಬಿದ್ದರೆ ಲಾರೆನ್‌ಳ ಮೈಗೂ ತಟ್ಟುತ್ತದೆ, ಹಾಗಾಗಿ ಜೀವ ಉಳಿಸಿಕೊಳ್ಳಲು ಹೊಡೆದರೂ ಆ ಪೆಟ್ಟು ಅವಳಿಗೂ ಬೀಳುತ್ತದೆ. ಅದಕ್ಕೂ ಮೊದಲು, ಅಪ್ಪ ಕಾಣೆಯಾದಾಗ ಅವಳೇ ನಿಂತು ಉಪದೇಶ ಮಾಡುವ ಅಧ್ಯಾಯವಿದೆ. ನ್ಯಾಯ ಸಿಗುವ ತನಕ ನ್ಯಾಯಾಧೀಶನ ಬೆನ್ನು ಬಿಡದ ವಿಧವೆಯ ಸಾಮತಿ, ಅಂದರೆ ಬೈಬಲ್ಲಿನ ದೃಷ್ಟಾಂತ ಕಥೆ, ಅದು. ನಿಧಾನವಾಗಿ ಓದಿ.

ಕೂಡಲಸಂಗಮದ ಸೀಮೆಯವರಿಗೆ ಕಾಯಕವೇ ಪೂಜೆ ಎಂಬುದು ಹೊಸ ಮಾತಲ್ಲ, ಹಾಗಾಗಿ ದೇವರನ್ನು ದುಡಿದು ರೂಪಿಸಬೇಕು ಎನ್ನುವ ಲಾರೆನ್ ಬೇಗ ಹತ್ತಿರವಾಗುತ್ತಾಳೆ. ಕೊರತೆ ಕಾಣುವುದೂ ಇಲ್ಲಿಯೇ. ವಚನಕಾರರು ತಮ್ಮ ದೇವರ ಜೊತೆ ಜಗಳ ತೆಗೆಯುತ್ತಾರೆ, ಬೇಡುತ್ತಾರೆ, ಮುನಿಯುತ್ತಾರೆ. ಲಾರೆನ್‌ಳ ದೇವರಿಗೆ ಕಿವಿಯೇ ಇಲ್ಲ. ದುಃಖದಲ್ಲಿರುವವರಿಗೆ ಆ ಪದ್ಯಗಳು ಒಣಒಣ ಅನ್ನಿಸುತ್ತವೆ. ಕಡೆಯಲ್ಲಿ ಸತ್ತವರ ಹೆಸರಿನಲ್ಲಿ ಓಕ್ ಗಿಡ ನೆಡುವ ಭಾಗ ಮಾತ್ರ ಆ ಒಣತನವನ್ನು ನೀಗುತ್ತದೆ. 18ರ ಲಾರೆನ್‌ಗೆ 57ರ ಡಾಕ್ಟರ್ ಜೋಡಿಯಾಗುವುದು ನನಗೆ ಒಪ್ಪಿತವಾಗಲಿಲ್ಲ.

ದಿನಚರಿಯ ರೂಪ, ಸಣ್ಣ ವಾಕ್ಯ. ಪಿಯುಸಿ ಇಂಗ್ಲಿಷ್ ಸಾಕು. ಹಿಂಸೆ ಬಹಳ, ಮಕ್ಕಳ ಸಾವೂ ಇದೆ, ಹೈಸ್ಕೂಲು ಹುಡುಗರಿಗೆ ಕೊಡಬೇಡಿ. ಮೊದಲರ್ಧ ನಿಧಾನ ಎಂದು ಬೇಸತ್ತು ಬಿಟ್ಟರೆ ಗೋಡೆ ಬಿದ್ದಾಗ ಕಳೆದುಹೋದವರು ಯಾರೆಂದೇ ತಿಳಿಯುವುದಿಲ್ಲ. ಆನ್‌ಲೈನಿನಲ್ಲಿ ತರಿಸುವಾಗ ಮುಖಪುಟ ನೋಡಿ: 2020ರಲ್ಲಿ ಬಂದ ಚಿತ್ರಕಾದಂಬರಿಗೂ ಇದೇ ಹೆಸರು, ಅದರಲ್ಲಿ ಪೂರ್ತಿ ಪಠ್ಯವಿಲ್ಲ. 1998ರ ಎರಡನೆಯ ಭಾಗ ಇನ್ನೂ ಕಠೋರ, ಅಲ್ಲಿ ಧರ್ಮದ ಹೆಸರಿನಲ್ಲೇ ಜನರ ಕೊರಳಿಗೆ ಗುಲಾಮಗಿರಿಯ ಪಟ್ಟಿ ಬೀಳುತ್ತದೆ. ಬೆನ್ನುಬೆನ್ನಿಗೆ ಓದದೆ ನಡುವೆ ಒಂದೆರಡು ವಾರ ಬಿಡಿ. ಮೂರನೆಯದನ್ನು ಬಟ್ಲರ್ ಮುಗಿಸಲಿಲ್ಲ, 2006ರಲ್ಲಿ ತೀರಿಕೊಂಡರು.