ಬ್ಲೂಟೂತ್ ಓಬಿಡಿ ಸ್ಕ್ಯಾನರ್: ಹಳೆ ಸಿಎನ್‌ಜಿ ಗಾಡಿಗೆ ಬಹಳ ದಿನ ಬಳಸಿದ ಮೇಲೆ

ಮಿಸ್ಸಿಂಗ್, ಅಂದರೆ ಸಿಲಿಂಡರಿನಲ್ಲಿ ಇಂಧನ ಸರಿಯಾಗಿ ಹೊತ್ತದೆ ಎಂಜಿನ್ ಬಿಕ್ಕುವುದು, ಒಮ್ಮೆ ಬಂದು ಒಮ್ಮೆ ಹೋಗುವ ಗಾಡಿ ನಿಮ್ಮ ಹತ್ತಿರ ಇದ್ದರೆ ಈ ಪುಟ್ಟ ಡಬ್ಬಿ ತಗೊಳ್ಳಿ. ಸಾವಿರ ರೂಪಾಯಿಯೊಳಗೆ ಸಿಗುವ, ಸ್ಟೀರಿಂಗ್ ಕೆಳಗಿನ ಓಬಿಡಿ ಪೋರ್ಟಿಗೆ (ಗಾಡಿಯ ಕಂಪ್ಯೂಟರ್ ಬರೆದಿಟ್ಟ ದೋಷ ಓದುವ ಜಾಗ) ಚುಚ್ಚಿ ಮೊಬೈಲಿಗೆ ಜೋಡಿಸುವ, ಇಎಲ್‌ಎಂ327 ಚಿಪ್ಪಿನ ಮಾದರಿಯ ಸ್ಕ್ಯಾನರ್ ಇದು. ಯಾವ ಪಾರ್ಟ್ ಕೆಟ್ಟಿದೆ ಅಂತ ಇದು ಹೇಳುವುದಿಲ್ಲ. ಯಾವ ಸಿಲಿಂಡರ್, ಯಾವ ಹೊತ್ತಿನಲ್ಲಿ ಮಿಸ್ ಆಯಿತು ಅಂತ ಹೇಳುತ್ತದೆ. ಅಷ್ಟು ಗೊತ್ತಾದರೆ ಅಂದಾಜಿನ ಮೇಲೆ ಪಾರ್ಟ್ ಬದಲಿಸುವ ಖರ್ಚು ನಿಲ್ಲುತ್ತದೆ.

ನಮ್ಮದು ನಾಲ್ಕು ಸಿಲಿಂಡರಿನ, ಪೆಟ್ರೋಲಿಗೂ ಗ್ಯಾಸಿಗೂ ಓಡುವ ಬಿಎಸ್-4 ಮಿನಿ ಟ್ರಕ್. ಪುಣೆಯ ಮಾರ್ಕೆಟ್ ಯಾರ್ಡಿನಲ್ಲಿ ಬೇಳೆ, ಸಕ್ಕರೆ, ಎಣ್ಣೆ ಡಬ್ಬಿ ತುಂಬಿಕೊಂಡು ಕಾತ್ರಜ್ ಘಾಟ್ ಹತ್ತಿ ಖೇಡ್ ಶಿವಾಪುರ, ಭೋರ್ ಕಡೆಯ ಅಂಗಡಿಗಳಿಗೆ ಹಾಕುತ್ತೇವೆ. ಸ್ವಾರ್‌ಗೇಟಿನ ಟ್ರಾಫಿಕ್ಕಿನಲ್ಲಿ ಗಾಡಿಗೆ ಒಂದು ತಕರಾರೂ ಇಲ್ಲ. ಮಳೆ ಹಿಡಿದ ದಿನ ಲೋಡ್ ಹಾಕಿಕೊಂಡು ಘಾಟಿನಲ್ಲಿ ಆಕ್ಸಿಲರೇಟರ್ ಒತ್ತಿದರೆ ಜರ್ಕ್ ಹೊಡೆದು ಪಿಕಪ್ ಬಿದ್ದುಹೋಗುತ್ತಿತ್ತು. ಪೆಟ್ರೋಲಿಗೆ ಸ್ವಿಚ್ ಮಾಡಿದರೆ ಸರಿ. ಇದನ್ನು ಕೇಳಿದ ಗ್ಯಾರೇಜಿನವರೆಲ್ಲ ಗ್ಯಾಸ್ ಕಿಟ್ಟಿನ ಮೇಲೇ ಬೊಟ್ಟು ಮಾಡಿದರು. ಫಿಲ್ಟರ್ ಬದಲಾಯಿತು, ಗ್ಯಾಸಿನ ಒತ್ತಡ ಇಳಿಸುವ ರೆಡ್ಯೂಸರ್ ಬಿಚ್ಚಿ ಕಟ್ಟಿದ್ದಾಯಿತು, ಗ್ಯಾಸ್ ಇಂಜೆಕ್ಟರ್ ತೊಳೆದಿದ್ದೂ ಆಯಿತು. ಶೆಡ್ಡಿನಲ್ಲಿ ನಿಲ್ಲಿಸಿ ರೇಸ್ ಕೊಟ್ಟರೆ ಒಂದೂ ಮಿಸ್ ಇಲ್ಲ, ಘಾಟಿಗೆ ಬಂದರೆ ಮತ್ತೆ ಅದೇ ಹಾಡು.

ಗ್ಯಾಸಿನಲ್ಲಿ ಮಾತ್ರ ಮಿಸ್ಸಿಂಗ್ ಬಂದರೆ ತಪ್ಪು ಗ್ಯಾಸ್ ಕಿಟ್ಟಿನದೇ ಆಗಬೇಕಿಲ್ಲ. ಸಿಎನ್‌ಜಿ ಹೊತ್ತಿಸುವುದಕ್ಕೆ ಪೆಟ್ರೋಲಿಗಿಂತ ಹೆಚ್ಚು ವೋಲ್ಟೇಜಿನ ಕಿಡಿ ಬೇಕು. ಲೋಡ್ ಏರಿ ಸಿಲಿಂಡರಿನಲ್ಲಿ ಒತ್ತಡ ಜಾಸ್ತಿಯಾದಂತೆ ಆ ಬೇಡಿಕೆಯೂ ಏರುತ್ತದೆ. ಪ್ಲಗ್ ಅಥವಾ ಅದಕ್ಕೆ ವೋಲ್ಟೇಜ್ ಕೊಡುವ ಇಗ್ನಿಷನ್ ಕಾಯಿಲಿನಲ್ಲಿ ಎಲ್ಲೋ ಕರೆಂಟ್ ಸೋರುವ ಜಾಗ ಇದ್ದರೆ, ಕಿಡಿ ಪ್ಲಗ್ಗಿನ ತುದಿಗೆ ಹೋಗದೆ ಸುಲಭದ ದಾರಿ ಹಿಡಿಯುತ್ತದೆ. ತೇವ ಇದ್ದರಂತೂ ಇನ್ನೂ ಸುಲಭ.

ಸ್ಕ್ಯಾನರ್ ಇಲ್ಲಿ ಕೆಲಸಕ್ಕೆ ಬಂತು. ಮಿಸ್ಸಿಂಗ್ ಬಂದ ಮೊದಲ ಓಟದಲ್ಲಿ ಚೆಕ್ ಎಂಜಿನ್ ದೀಪ ಸಾಮಾನ್ಯವಾಗಿ ಹೊತ್ತುವುದಿಲ್ಲ. ಎಂಜಿನ್ನಿನ ಕಂಪ್ಯೂಟರ್, ಅಂದರೆ ಇಸಿಯು, ಅದನ್ನು 'ಪೆಂಡಿಂಗ್' ಕೋಡ್ ಅಂತ ಒಳಗೇ ಬರೆದಿಟ್ಟುಕೊಳ್ಳುತ್ತದೆ, ಮುಂದಿನ ಓಟದಲ್ಲೂ ಕಂಡರೆ ಮಾತ್ರ ದೀಪ ಹಚ್ಚುತ್ತದೆ. ದೀಪವಿಲ್ಲ ಅಂದರೆ ಕೋಡ್ ಇಲ್ಲ ಅಂದುಕೊಂಡು ಎಷ್ಟೋ ಗ್ಯಾರೇಜಿನಲ್ಲಿ ಸ್ಕ್ಯಾನ್ ಮಾಡುವುದೇ ಇಲ್ಲ. ಘಾಟಿನ ಮೇಲೆ ಚಹಾದಂಗಡಿ ಹತ್ತಿರ ನಿಲ್ಲಿಸಿ ಪೆಂಡಿಂಗ್ ಕೋಡ್ ತೆಗೆದು ನೋಡಿದರೆ ಪಿ0303, ಅಂದರೆ ಮೂರನೇ ಸಿಲಿಂಡರಿನ ಮಿಸ್‌ಫೈರ್ (ಮಿಸ್ಸಿಂಗ್). ಪಿ0300 ಬಂದಿದ್ದರೆ ಯಾವುದೋ ಒಂದು ಸಿಲಿಂಡರ್ ಅಂತ ಹೇಳಲಾಗದು, ಗ್ಯಾಸ್ ಒತ್ತಡದ ಕಡೆ, ಗಾಳಿ ಸೋರುವ ಕಡೆ ನೋಡಬೇಕಾಗುತ್ತಿತ್ತು. ಕೋಡಿನ ಜೊತೆಗೇ ಆ ಕ್ಷಣದ ಆರ್‌ಪಿಎಂ, ಎಂಜಿನ್ ಮೇಲಿನ ಲೋಡ್, ಎಂಜಿನ್ ಬಿಸಿ, ಫ್ಯೂಯೆಲ್ ಟ್ರಿಮ್ (ಇಂಧನ ಹೆಚ್ಚುಕಡಿಮೆ ಮಾಡಿ ಇಸಿಯು ಮಾಡುವ ತಿದ್ದುಪಡಿ) ಎಲ್ಲ ಫ್ರೀಜ್ ಫ್ರೇಮಿನಲ್ಲಿ ಉಳಿದಿತ್ತು. ಎಂಜಿನ್ ಪೂರ್ತಿ ಬಿಸಿ, ಲೋಡ್ ಹೆಚ್ಚುಕಡಿಮೆ ತುದಿ ಮುಟ್ಟಿದೆ, ಟ್ರಿಮ್ ಮಾತ್ರ ಸೊನ್ನೆಯ ಆಸುಪಾಸು. ಮಿಶ್ರಣ ಸರಿಯಿದೆ, ಕಿಡಿಯನ್ನು ನೋಡು ಅಂತ ಅರ್ಥ.

ನಮ್ಮ ಮೇಸ್ತ್ರಿ ಇಂಡಿ ತಾಲೂಕಿನವ, ಕಾತ್ರಜಿನಲ್ಲಿ ಶೆಡ್ ಹಾಕಿದ್ದಾನೆ. ನೋಡಿದವನೇ, "ಅಣ್ಣಾರ, ನಾಕೂ ಕಾಯಿಲ್ ಹೊಸಾವು ಹಾಕಿಬಿಡ್ರಿ, ಚಿಂತಿ ಇಲ್ಲ" ಅಂದ.

"ಬ್ಯಾಡಪ್ಪ, ಮೂರನೇದು ಒಂದಕ್ಕ ಹಾಕು, ಒಂದರದ್ದು ಮೂರಕ್ಕ ಹಾಕು. ಪ್ಲಗ್ ಮುಟ್ಟಬ್ಯಾಡ" ಅಂದೆ.

ಮತ್ತೆ ಲೋಡ್ ಹಾಕಿ ಘಾಟ್ ಹತ್ತಿಸಿದೆವು. ಆ್ಯಪಿನ ಮೋಡ್ 06 ಪುಟದಲ್ಲಿ ಸಿಲಿಂಡರಿಗೊಂದರಂತೆ ಮಿಸ್‌ಫೈರ್ ಎಣಿಕೆ ಕಾಣುತ್ತದೆ. ಈ ಸಲ ಒಂದನೇ ಸಿಲಿಂಡರಿನ ಎಣಿಕೆ ಏರತೊಡಗಿತು. ತೊಂದರೆ ಕಾಯಿಲಿನ ಜೊತೆಗೇ ಜಾಗ ಬದಲಿಸಿತ್ತು! ಕಾಯಿಲ್ ಬಿಚ್ಚಿ, ಪ್ಲಗ್ಗಿನ ಮೇಲೆ ಕೂರುವ ಅದರ ರಬ್ಬರ್ ಬೂಟಿನ ಒಳಗೆ ಟಾರ್ಚ್ ಬಿಟ್ಟು ನೋಡಿದಾಗ ಪೆನ್ಸಿಲಿನಲ್ಲಿ ಗೀಚಿದಂಥ ಕಪ್ಪು ಗೆರೆ ಉದ್ದಕ್ಕೂ ಇಳಿದಿತ್ತು. ಮೂರನೇ ಪ್ಲಗ್ ತೆಗೆದರೆ ಅದರ ಬಿಳಿ ಪಿಂಗಾಣಿಯ ಮೇಲೂ ಅಂಥದ್ದೇ ಗೆರೆ. ಉಗುರಿನಿಂದ ಕೆರೆದರೂ ಹೋಗಲಿಲ್ಲ. ಕಿಡಿ ಸೋರಿ ಸೋರಿ ಸುಟ್ಟ ಕಾರ್ಬನ್ ದಾರಿ ಅದು, ಮುಂದಿನ ಕಿಡಿಗೂ ಅದೇ ದಾರಿ. ಇಂಥಲ್ಲಿ ಕಾಯಿಲ್ ಮಾತ್ರ ಹೊಸದು ಹಾಕಿ ಹಳೆ ಪ್ಲಗ್ ಬಿಟ್ಟರೆ ಹೊಸ ಬೂಟೂ ಕೆಡುತ್ತದೆ. ನಾನಾ ಪೇಟೆಯಿಂದ ಒಂದು ಕಾಯಿಲ್ ತಂದೆವು, ಪ್ಲಗ್ ನಾಲ್ಕನ್ನೂ ಹೊಸದು ಹಾಕಿಸಿ ಕಿಡಿ ಹಾರುವ ಗ್ಯಾಪ್ ಸರಿ ಮಾಡಿಸಿದೆವು. ಅದರ ನಂತರ ಘಾಟಿನಲ್ಲಿ ಗಾಡಿ ಒಮ್ಮೆಯೂ ಬಿಕ್ಕಿಲ್ಲ.

ಒಂದು ಮಾತು ಒತ್ತಿ ಹೇಳುತ್ತೇನೆ: ಫ್ರೀಜ್ ಫ್ರೇಮಿನ ಫೋಟೋ ತೆಗೆಯುವವರೆಗೆ ಯಾರಿಗೂ ಕೋಡ್ ಅಳಿಸಲು ಬಿಡಬೇಡಿ, ಬ್ಯಾಟರಿ ವೈರನ್ನೂ ಬಿಚ್ಚಲು ಬಿಡಬೇಡಿ. ಅಳಿಸಿದರೆ ಸಾಕ್ಷಿಯೇ ಹೋದಂತೆ. ಇನ್ನು ಚೆಕ್ ಎಂಜಿನ್ ದೀಪ ಮಿಟುಕತೊಡಗಿದರೆ ಕೋಡ್ ನೋಡುತ್ತಾ ಕೂರುವ ಹೊತ್ತಲ್ಲ. ಉರಿಯದ ಇಂಧನ ಸೈಲೆನ್ಸರಿಗೆ ಹೋಗಿ, ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರನ್ನು ಸುಡುತ್ತದೆ. ಆಕ್ಸಿಲರೇಟರ್ ಬಿಟ್ಟು ಬದಿಗೆ ಹಾಕಿ.

ಡಬ್ಬಿಯ ತಕರಾರುಗಳೂ ಇವೆ. ಪೋರ್ಟಿನ 16ನೇ ಪಿನ್ನಿಗೆ ಬ್ಯಾಟರಿ ಕರೆಂಟ್ ಸದಾ ಇರುವುದರಿಂದ ಕೀ ತೆಗೆದರೂ ಇದು ಕರೆಂಟ್ ಕುಡಿಯುತ್ತಲೇ ಇರುತ್ತದೆ, ಕೆಲಸ ಮುಗಿದ ಮೇಲೆ ಕಿತ್ತಿಡಬೇಕು. ಮಾರುಕಟ್ಟೆಯಲ್ಲಿ ನಕಲಿ ಚಿಪ್ಪಿನವೇ ಹೆಚ್ಚು, ಕೆಲವು ಮೋಡ್ 06 ಕೇಳಿದರೆ ಸುಮ್ಮನಾಗುತ್ತವೆ. ಹಿಂದಿರುಗಿಸಲು ಅವಕಾಶ ಇರುವ ಕಡೆಯೇ ಕೊಂಡು, ಬಂದ ದಿನವೇ ನಿಮ್ಮ ಗಾಡಿಗೆ ಹಾಕಿ ಈ ಪುಟ ತೆರೆಯುತ್ತದಾ ಅಂತ ನೋಡಿ. ಐಫೋನ್ ಇದ್ದವರು ಹಳೆ ಬ್ಲೂಟೂತಿನದು ಬಿಟ್ಟು ವೈಫೈ ಅಥವಾ ಬ್ಲೂಟೂತ್ 4.0 ಇರುವುದನ್ನು ಕೇಳಿ. ಮೆಕ್ಯಾನಿಕಲ್ ಪಂಪಿನ ಹಳೆ ಡೀಸೆಲ್ ಲಾರಿಗೆ ಇದು ಬೇಡವೇ ಬೇಡ, ಅದರಲ್ಲಿ ಮಾತಾಡಿಸಲು ಇಸಿಯುವೇ ಇರುವುದಿಲ್ಲ.