ಭುಲೇಶ್ವರದ ಪಾಂಜರಾಪೋಳ: ಗೊರಸು ನೋಡಿ ಕೊಟ್ಟ ದೇಣಿಗೆ

ಚೆಂಬೂರಿನಿಂದ ಈಸ್ಟರ್ನ್ ಫ್ರೀವೇ ಹಿಡಿಯುವ ಮುಂಬಯಿಗರಿಗೆ ಪಾಂಜರಾಪೋಳ ಎಂದರೆ ಒಂದು ಜಂಕ್ಷನ್ನಿನ ಹೆಸರು, ಅಷ್ಟೇ. ಭುಲೇಶ್ವರದ ಮಾಧವಬಾಗ್ ಬಳಿ, ಬಟ್ಟೆ ಮತ್ತು ಪೂಜಾಸಾಮಗ್ರಿಗಳ ಅಂಗಡಿಗಳ ಇಕ್ಕಟ್ಟಿನಲ್ಲಿ, 1834ರಲ್ಲಿ ಸ್ಥಾಪನೆಯಾದ ನಿಜವಾದ ಪಾಂಜರಾಪೋಳ, ಅಂದರೆ ಮುದಿ, ನಿರ್ಗತಿಕ ಪ್ರಾಣಿಗಳ ಆಶ್ರಯ, ಇಂದಿಗೂ ನೂರಾರು ದನಕರುಗಳನ್ನು ಸಾಕುತ್ತಿದೆ. ಮಾಟುಂಗಾದಲ್ಲಿ ಅರ್ಧ ಆಯುಷ್ಯ ಕಳೆದ ನಾನೂ ಅದರೊಳಗೆ ಕಾಲಿಟ್ಟಿರಲಿಲ್ಲ. ಶಿರಸಿಯಿಂದ ಬಂದಿದ್ದ ಅತ್ತೆ, ಗೋಗ್ರಾಸ ಕೊಡುವುದಕ್ಕೆ ಈ ಊರಿನಲ್ಲಿ ಒಂದು ದನವೂ ಕಾಣುವುದಿಲ್ಲವಲ್ಲ ಎಂದು ದಿನವೂ ಪೇಚಾಡಿಕೊಳ್ಳುತ್ತಿದ್ದುದರಿಂದ ಕಳೆದ ತಿಂಗಳು ಅವರನ್ನು ಅಲ್ಲಿಗೆ ಕರೆದೊಯ್ದೆ.

ಈಗ ಹಸುಗಳೇ ಎದ್ದು ಕಾಣುವ ಈ ಸಂಸ್ಥೆಯ ಹುಟ್ಟಿಗೆ ಕಾರಣವಾದದ್ದು ನಾಯಿಗಳು. ಬೀದಿನಾಯಿಗಳನ್ನು ಕೊಲ್ಲಿಸುವ ಬ್ರಿಟಿಷರ ಆಜ್ಞೆಯನ್ನು ವಿರೋಧಿಸಿ, ನಾಯಿಯನ್ನು ಪವಿತ್ರವೆಂದು ಕಾಣುವ ಪಾರ್ಸಿಗಳು 1832ರ ಜೂನ್‌ನಲ್ಲಿ ಬೀದಿಗಿಳಿದರು; ಹಿಂದೂ, ಜೈನ ವರ್ತಕರೂ ಜೊತೆಗೂಡಿ ಅಂಗಡಿಗಳನ್ನು ಮುಚ್ಚಿದರು. ಎರಡು ವರ್ಷಗಳ ಅನಂತರ ಪಾರ್ಸಿ ವರ್ತಕ ಜಮ್ಸೇಟ್‌ಜೀ ಜೀಜೀಭಾಯ್ ಮತ್ತು ಅಮೀಚಂದ್ ಶಾಹ ಸೇರಿ ಈ ಆಶ್ರಯವನ್ನು ಕಟ್ಟಿದರು. ಸರಕಿನ ಮೇಲೆ ವ್ಯಾಪಾರಿ ಮಹಾಜನರು ತಾವೇ ಲಾಗು ಎಂಬ ವಂತಿಗೆ ಹಾಕಿಕೊಂಡು ಪಾಂಜರಾಪೋಳ ನಡೆಸುವುದು ಗುಜರಾತಿನ ಹಳೆಯ ಪದ್ಧತಿಯಾಗಿತ್ತು. ಮುಂಬಯಿಗೆ ಬಂದ ವರ್ತಕರ ಜೊತೆ ಆ ಕಲ್ಪನೆಯೂ ಬಂತೆನ್ನಬೇಕು.

ನಾನು ಸ್ವಲ್ಪ ಅನುಮಾನದಿಂದಲೇ ಹೋಗಿದ್ದೆ. ಹಿಂದೊಮ್ಮೆ ಫೋನಿನಲ್ಲಿ ಬೇಡಿದ ಬೇರೊಂದು ಸಂಸ್ಥೆಗೆ ಹಣ ಕಳಿಸಿದಾಗ, ನಾನು ಸಾಕುತ್ತಿರುವ ಕರುವೆಂದು ಒಂದು ಫೋಟೋ ಬಂದಿತ್ತು. ಮರುವರ್ಷ ಅದೇ ಫೋಟೋ ಬೇರೆ ಹೆಸರು ಹೊತ್ತು ನನ್ನ ಗೆಳೆಯನಿಗೂ ಹೋಗಿತ್ತು. ಇಲ್ಲಿ ಮಾತ್ರ ನಾನು ನೋಡಬೇಕಾದದ್ದನ್ನು ಅತ್ತೆಯೇ ನೋಡಿದರು. ಹುಲ್ಲಿನ ಕಟ್ಟು ಕೊಂಡು ಕೊಟ್ಟರೆ ಅದನ್ನು ನನ್ನ ಕೈಗೇ ದಾಟಿಸಿ, ಸೆರಗು ಸಿಕ್ಕಿಸಿಕೊಂಡು ಒಂದು ಮುದಿ ಹಸುವಿನ ಹಿಂಗಾಲಿನ ಬಳಿ ಬಗ್ಗಿದರು. “ನಿಂತಲ್ಲೇ ನಿಲ್ಲುವ ದನಕ್ಕೆ ಗೊರಸು ಬೆಳೆದು ಸೊಟ್ಟಗಾಗುತ್ತದೆ, ತಮಾ. ಇದಕ್ಕೆ ಯಾರೋ ಹದವಾಗಿ ಕೊಯ್ದಿದ್ದಾರೆ,” ಎಂದರು. ಆಮೇಲೆ ಕಣ್ಣಿಯ ಕೆಳಗೆ ಕೈಯಾಡಿಸಿ, ಕುತ್ತಿಗೆಯಲ್ಲಿ ಗಾಯವಿಲ್ಲವೆಂದು ಖಾತ್ರಿ ಮಾಡಿಕೊಂಡ ಮೇಲೆಯೇ ಹುಲ್ಲು ಹಾಕಿದರು. ಹಾಲು ಬತ್ತಿದ ಹಸುವಿನ ಗೊರಸನ್ನು ಯಾವ ದಾನಿಯೂ ಫೋಟೋ ತೆಗೆಯುವುದಿಲ್ಲ. ನನ್ನ ಅನುಮಾನ ಅಲ್ಲಿಗೆ ಕರಗಿತು.

ಕೊರತೆಯೆನಿಸಿದ್ದು ನಮ್ಮಂತಹ ಸಂದರ್ಶಕರ ನಡವಳಿಕೆ. ಪುಣ್ಯದ ಆತುರದಲ್ಲಿ ಜನ ಲಾಡು, ಬೆಲ್ಲ, ಮನೆಯಲ್ಲಿ ಉಳಿದ ಚಪಾತಿ ಎಲ್ಲವನ್ನೂ ತಂದು ತಿನ್ನಿಸಹೊರಡುತ್ತಾರೆ. ಮೆಲುಕು ಹಾಕುವ ಪ್ರಾಣಿಗೆ ಹಿಟ್ಟು, ಬೆಲ್ಲ ಒಮ್ಮೆಲೇ ಹೆಚ್ಚಾದರೆ ಹೊಟ್ಟೆಯಲ್ಲಿ ಆಮ್ಲ ಏರಿ, ಮೇವು ಬಿಟ್ಟು ಮಲಗುತ್ತದೆ, ಜೀವಕ್ಕೂ ಅಪಾಯವುಂಟು. ಸಂಕ್ರಾಂತಿಯ ದಿನವಂತೂ ಗೋದಾನ, ಗೋಗ್ರಾಸಗಳಿಗೆಂದು ಬರುವವರ ನೂಕುನುಗ್ಗಲಿರುತ್ತದೆ. ಅಂದು ಊರಿನಲ್ಲಿ ಕಿಚ್ಚು ಹಾಯಿಸಿ ಬೆಳೆದವರು ಆ ನೆನಪಿಗೆಂದು ಹೋಗುವುದಾದರೆ ಬೇರೊಂದು ದಿನ ಆರಿಸಿಕೊಳ್ಳುವುದು ಮೇಲು.

ಆದ್ದರಿಂದ ಒಂದು ಕಟ್ಟು ಹುಲ್ಲನ್ನು ಕೈಯಾರೆ ಕೊಟ್ಟು, ಉಳಿದ ಹಣವನ್ನು ಕಚೇರಿಯಲ್ಲಿ ರಸೀದಿ ಪಡೆದು ಕಟ್ಟುವುದೇ ಸರಿಯೆಂದು ನನ್ನ ಅಭಿಪ್ರಾಯ. ಔಷಧ, ಸಂಬಳ, ಮಳೆಗಾಲದ ಒಣಮೇವು ಇವುಗಳಿಗೆ ಆಗಿಬರುವುದು ಆ ಹಣ. ತೆರಿಗೆ ರಿಯಾಯಿತಿ ಬೇಕೆನ್ನುವವರು ಯಾವ ಸಂಸ್ಥೆಗೇ ಆಗಲಿ 2,000 ರೂಪಾಯಿಗಿಂತ ಹೆಚ್ಚಿನ ದೇಣಿಗೆಯನ್ನು ನಗದಾಗಿ ಕೊಡಬಾರದು, ಅದಕ್ಕೆ ರಿಯಾಯಿತಿ ಸಿಗುವುದಿಲ್ಲ. ಹೊಸ ತೆರಿಗೆ ಪದ್ಧತಿಯಲ್ಲಿರುವವರಿಗಂತೂ ಈ ರಿಯಾಯಿತಿಯೇ ಇಲ್ಲ.

ಚರ್ನಿ ರೋಡ್ ಸ್ಟೇಷನ್ನಿನಿಂದ ನಡೆದೇ ಹೋಗಬಹುದು. ವಯಸ್ಸಾದವರಿದ್ದರೆ ಟ್ಯಾಕ್ಸಿಯನ್ನು ಸಿ.ಪಿ. ಟ್ಯಾಂಕ್‌ವರೆಗೆ ಮಾತ್ರ ಒಯ್ಯಿರಿ, ಮುಂದೆ ಕೈಗಾಡಿಗಳ ನಡುವೆ ಅದು ಕದಲುವುದಿಲ್ಲ. ತೊಳೆಯಬಹುದಾದ ಚಪ್ಪಲಿ ಹಾಕಿಕೊಳ್ಳಿ. ನಾನು ಚರ್ಮದ ಬೂಟು ಹಾಕಿಕೊಂಡು ಹೋಗಿ, ಅತ್ತೆಯಿಂದ ದಾರಿಯುದ್ದಕ್ಕೂ ನಗಿಸಿಕೊಂಡೆ.