ಮೂರು ಥರದ ನೆಟ್ ಹಾಕಿಸಿ ನೋಡಿದೆ: ಕಲಬುರಗಿಯ ಹಳೇ ಓಣಿಯ ಮನೆಗೆ ಯಾವುದು ಸರಿ?

ಮೊದಲೇ ಹೇಳಿಬಿಡುತ್ತೇನೆ, ನನಗೆ ಹಿಡಿಸಿದ್ದು ಫೈಬರ್. ಒಂದು ವರ್ಷದಲ್ಲಿ ಮೂರು ಥರದ ನೆಟ್ ಹಾಕಿಸಿದೆ. ಎರಡನ್ನು ತೆಗೆಸಿದೆ. ಈಗ 7 ತಿಂಗಳಿಂದ ಫೈಬರ್‌ನಲ್ಲಿ ನೆಮ್ಮದಿಯಾಗಿದ್ದೇನೆ. ಮೊದಲ ಸಲವೇ ಸರಿಯಾಗಿ ವಿಚಾರಿಸಿದ್ದರೆ 2,000 ರೂಪಾಯಿ ಉಳಿಯುತ್ತಿತ್ತು. ರೊಕ್ಕ ಹೋಗಲಿ, ಪರೀಕ್ಷೆ ಹತ್ತಿರ ಬಂದಾಗ ಮಕ್ಕಳ ಪಾಠ ಹಾಳಾಗುತ್ತಿರಲಿಲ್ಲ.

ನಾನು ಪಿಯುಸಿ ಮಕ್ಕಳಿಗೆ ಗಣಿತ ಹೇಳಿಕೊಡುತ್ತೇನೆ. ಸಂಜೆ 6ರಿಂದ 9ರವರೆಗೆ ಆನ್‌ಲೈನ್ ಕ್ಲಾಸು. ಮಕ್ಕಳು ಆಳಂದ, ಚಿಂಚೋಳಿ, ಸೇಡಂ, ಜೇವರ್ಗಿ ಕಡೆಯವರು. ದಿನಾ ಬಸ್ಸಲ್ಲಿ ಇಲ್ಲಿಗೆ ಬಂದು, ಟ್ಯೂಷನ್ ಮುಗಿಸಿ ರಾತ್ರಿ ಊರಿಗೆ ವಾಪಸ್ ಹೋಗುವುದು ಅವರಿಗೆ ಆಗದ ಮಾತು, ಅದರಲ್ಲೂ ಹೆಣ್ಣುಮಕ್ಕಳಿಗೆ. ಹಾಗಾಗಿ ನನಗೆ ದೊಡ್ಡ ಸ್ಪೀಡ್ ಬೇಕಿರಲಿಲ್ಲ. ಸಂಜೆ ಆ 3 ತಾಸು ನೆಟ್ ಕಡಿಯಬಾರದು. ನಾನು ಬರೆದದ್ದು ಅವರಿಗೆ ಕಾಣಬೇಕು, ನನ್ನ ದನಿ ಕೇಳಬೇಕು. ತಿಂಗಳಿಗೆ 600 ರೂಪಾಯಿ ದಾಟಬಾರದು.

ಮನೆ ಬ್ರಹ್ಮಪುರದಲ್ಲಿದೆ, ಹಳೆಯದು. ನೆಲಕ್ಕೆ ಶಹಾಬಾದ್ ಕಲ್ಲು, ಗೋಡೆ ಒಂದೂವರೆ ಅಡಿ ದಪ್ಪದ ಕಲ್ಲಿನದು. ಮೇ ತಿಂಗಳ 42-43 ಡಿಗ್ರಿ ಬಿಸಿಲಲ್ಲಿ ಮಧ್ಯಾಹ್ನ ಒಳಗೆ ಕೂರಲು ಆಗುವುದು ಆ ಗೋಡೆಯ ಪುಣ್ಯದಿಂದಲೇ. ವೈಫೈಗೆ ಮಾತ್ರ ಅದೇ ಗೋಡೆ ಅಡ್ಡ. ಆ ಮಾತು ಆಮೇಲೆ ಬರುತ್ತದೆ.

ಕಂಪನಿಗಳ ಹೆಸರು ಬರೆಯುತ್ತಿಲ್ಲ. ಒಂದೇ ಕಂಪನಿಯ ನೆಟ್ ಈ ಓಣಿಯಲ್ಲಿ ಚೆನ್ನಾಗಿರುತ್ತದೆ, ಆಚೆ ಓಣಿಯಲ್ಲಿ ಕೈಕೊಡುತ್ತದೆ. ವೈರು ಎಲ್ಲಿಂದ ಬರುತ್ತದೆ, ದಾರಿಯಲ್ಲಿರುವ ಡಬ್ಬಿಗೆ ಕರೆಂಟ್ ಯಾರದು? ನನಗೆ ಕೊನೆಗೆ ಮುಖ್ಯವಾಗಿ ಕಂಡದ್ದು ಈ ಎರಡೇ ಪ್ರಶ್ನೆ. ಅದು ಹೇಗೆ ಗೊತ್ತಾಯಿತು ಅಂತ ಹೇಳುತ್ತೇನೆ.

ಮೊದಲು ಹಾಕಿಸಿದ್ದು ನಮ್ಮ ಓಣಿಗೆ ಕೇಬಲ್ ಟೀವಿ ಕೊಡುವವರ ನೆಟ್. ತಿಂಗಳಿಗೆ 500. 6 ತಿಂಗಳದ್ದು ಒಟ್ಟಿಗೆ ಕಟ್ಟಿದರೆ ರೌಟರ್ ಪುಕ್ಕಟೆ ಅಂದರು. 3,000 ಕಟ್ಟಿದೆ. ಅದೇ ದಿನ ಸಂಜೆ ಹುಡುಗ ಬಂದು ವೈರು ಎಳೆದು ಹೋದ. ಮೊದಲ ವಾರ ಬಹಳ ಚೆನ್ನಾಗಿತ್ತು. ಪಕ್ಕದ ಮನೆಯವರಿಗೂ ಹಾಕಿಸಿ ಅಂತ ಹೇಳಿದ್ದೆ.

ಎರಡನೇ ವಾರದಿಂದ ಶುರುವಾಯಿತು. ಸಂಜೆ 7 ಗಂಟೆಗೆ ನೆಟ್ ಹೋಗುತ್ತಿತ್ತು. ರೌಟರ್‌ನ ದೀಪ ಉರಿಯುತ್ತಿದೆ, ಮೊಬೈಲಲ್ಲಿ ವೈಫೈ ಗೆರೆ ಪೂರ್ತಿ ಇದೆ, ಆದರೆ ಒಂದು ಪೇಜೂ ತೆರೆಯುತ್ತಿಲ್ಲ. ಮಕ್ಕಳಿಂದ ಮೆಸೇಜ್ ಮೇಲೆ ಮೆಸೇಜ್: "ಮಿಸ್, ಬೋರ್ಡ್ ಕಾಣಿಸವಲ್ದ್ರಿ." ಫೋನ್ ಮಾಡಿದರೆ ಹುಡುಗನ ಉತ್ತರ ದಿನಾ ಒಂದೇ, "ಕರೆಂಟ್ ಹೋಗ್ಯಾದ್ರಿ ಅಕ್ಕೋರ."

"ನಮ್ಮಲ್ಲಿ ಅದಲ್ಲಪಾ."

"ನಿಮ್ಮಲ್ಲಿ ಅದರಿ. ಡಬ್ಬಿ ಇದ್ದಲ್ಲಿ ಇಲ್ರಿ."

ಇದು ನನಗೆ ಅಲ್ಲಿಯವರೆಗೆ ಗೊತ್ತೇ ಇರಲಿಲ್ಲ. ನಮ್ಮ ಮನೆಗೆ ಬಂದದ್ದು ತಾಮ್ರದ ಲ್ಯಾನ್ ವೈರು. ಅದು ಒಂದೇ ಎಳೆತಕ್ಕೆ 100 ಮೀಟರ್‌ವರೆಗೆ ಮಾತ್ರ ಕೆಲಸಕ್ಕೆ ಬರುತ್ತದೆ. ಅದಕ್ಕಿಂತ ದೂರ ಹೋಗಬೇಕಾದರೆ ನಡುವೆ ಒಂದು ಸ್ವಿಚ್ ಡಬ್ಬಿ ಇಡಬೇಕು, ಅದಕ್ಕೆ 24 ತಾಸೂ ಕರೆಂಟ್ ಬೇಕು. ಕೇಬಲ್‌ನವರು ಆ ಡಬ್ಬಿಯನ್ನು ಯಾರದಾದರೂ ಮಾಳಿಗೆ ಮೇಲೆ ಇಟ್ಟು, ಅದೇ ಮನೆಯ ಪ್ಲಗ್ಗಿಗೆ ಸಿಕ್ಕಿಸುತ್ತಾರೆ. ನನ್ನ ಮನೆಯಲ್ಲಿ ಇನ್ವರ್ಟರ್ ಇದ್ದರೇನು, ಆ ಮನೆಯಲ್ಲಿ ಕರೆಂಟ್ ಹೋದರೆ ನನ್ನ ನೆಟ್ಟೂ ಹೋಯಿತು.

ಆದರೆ ದಿನಾ 7 ಗಂಟೆಗೇ ಯಾಕೆ? ಓಣಿಯಲ್ಲೆಲ್ಲ ಬೀದಿ ದೀಪ ಉರಿಯುತ್ತಿರುವಾಗಲೂ ಯಾಕೆ? ಒಂದು ದಿನ ಕ್ಲಾಸು ಅರ್ಧಕ್ಕೆ ನಿಂತಾಗ ಹುಡುಗನನ್ನು ಬಿಡಲಿಲ್ಲ, ಅವನ ಜೊತೆಗೇ ನಡೆದುಕೊಂಡು ಹೋದೆ. ಎರಡು ಓಣಿ ದಾಟಿ ಒಂದು ಸಣ್ಣ ಮನೆ. ಮೆಟ್ಟಿಲ ತುದಿಯಲ್ಲಿ ಬಾಗಿಲು ಮುರಿದ ತಗಡಿನ ಪೆಟ್ಟಿಗೆ, ಒಳಗೆ ಧೂಳು ತುಂಬಿದ ಡಬ್ಬಿ, ಅದಕ್ಕೆ ಏಳೆಂಟು ವೈರು. ಡಬ್ಬಿಯ ಪ್ಲಗ್ಗು ಇದ್ದದ್ದು ಮೆಟ್ಟಿಲ ಬಲ್ಬಿನ ಬಟನ್ನಿಗೆ. ಆ ಬಟನ್ ಕೆಳಗೆ ಬಾಗಿಲ ಹತ್ತಿರ. ಅಲ್ಲೇ ಒಬ್ಬ ಆಯಿ ನಿಂತಿದ್ದರು.

"ದೀಪ ಹಚ್ಚಿ, ಬಾಗಿಲ ಹಾಕಿ, ಬಟನ್ ಬಂದ್ ಮಾಡ್ತೀನಿ. ದಿನಾ ಮಾಡ್ತೀನಿ," ಅಂದರು. "ನಮ್ಮ ಕರೆಂಟ್ ತಿಂತದ ಅದು. ಟೀವಿ ಪುಕ್ಕಟೆ ಕೊಡ್ತೀನಿ ಅಂದಿದ್ದ. ಮೂರು ತಿಂಗಳು ಕೊಟ್ಟ, ಬಂದ್ ಮಾಡಿದ. ಅಂವ ಬಂದ್ ಮಾಡಿದ ಮ್ಯಾಲ ನಾನು ಯಾಕ ಚಾಲೂ ಇಡ್ಲಿ?"

ಆಯಿಯ ಮಾತಿನಲ್ಲಿ ನ್ಯಾಯ ಇತ್ತು. ಅವರ ಮನೆಗೆ ಗೃಹಜ್ಯೋತಿ ಇದೆ. ಆ ಯೋಜನೆಯಲ್ಲಿ 200 ಯೂನಿಟ್‌ವರೆಗೆ ಪುಕ್ಕಟೆ ಅಂತ ಎಲ್ಲರೂ ಹೇಳುತ್ತಾರೆ. ಆದರೆ ಪ್ರತಿ ಮನೆಗೂ ಪೂರ್ತಿ 200 ಸಿಗುವುದಿಲ್ಲ. ಹಿಂದೆ ನೀವು ಸರಾಸರಿ ಎಷ್ಟು ಬಳಸಿದ್ದಿರೋ ಅದಕ್ಕಿಂತ ಸ್ವಲ್ಪ ಜಾಸ್ತಿವರೆಗೆ ಮಾತ್ರ. ಅದನ್ನು ದಾಟಿದರೆ ಮೇಲಿನ ಯೂನಿಟ್‌ಗೆ ರೊಕ್ಕ ಕಟ್ಟಬೇಕು. ಡಬ್ಬಿಯ ಅಡಾಪ್ಟರ್ ಮೇಲೆ 12 ವೋಲ್ಟ್, 1 ಆಂಪಿಯರ್ ಅಂತ ಇತ್ತು. ಅಂದರೆ ಹೆಚ್ಚೆಂದರೆ 12 ವ್ಯಾಟ್. ರಾತ್ರಿ ಹಗಲು ಉರಿದರೆ ತಿಂಗಳಿಗೆ ಎಂಟೂವರೆ ಯೂನಿಟ್‌ವರೆಗೆ ಹೋಗಬಹುದು. ಒಂಟಿಯಾಗಿರುವ ಮುದುಕಿ, ಎರಡು ಬಲ್ಬು, ಒಂದು ಫ್ಯಾನ್. ಅವರ ಲೆಕ್ಕದಲ್ಲಿ ಎಂಟು ಯೂನಿಟ್ ಸಣ್ಣದಲ್ಲ, ಅಲ್ವಾ? ಇನ್ನೊಬ್ಬರ ವ್ಯಾಪಾರಕ್ಕೆ ಅವರು ಯಾಕೆ ಕಟ್ಟಬೇಕು?

ತಿಂಗಳಿಗೆ ಇಷ್ಟು ಅಂತ ನಾನೇ ಕೊಡುತ್ತೇನೆ ಆಯಿ ಅಂದೆ. "ನಿನ್ನ ರೊಕ್ಕ ಯಾಕವ್ವ? ಅಂವ ಬಂದು ಮಾತಾಡ್ಲಿ," ಅಂದರು. ಕೂರಿಸಿ ಚಹಾ ಕೊಟ್ಟರು. ಆ ಹೊತ್ತಿಗೆ ಬಟನ್ ಹಾಕಿದರು, ನನ್ನ ಕ್ಲಾಸು ಇದೆ ಅಂತ. ಮರುದಿನ ನಾನು ಕೇಬಲ್‌ನವರ ಹತ್ತಿರ ಹೋಗಿ ಕೈ ಮುಗಿದು ಕೇಳಿದೆ: ಅಣ್ಣಾರ, ಆ ಆಯಿ ಹತ್ತಿರ ಒಂದು ಮಾತು ಆಡಿ ಬರ್ರಿ, ಟೀವಿ ಮತ್ತೆ ಹಚ್ಚಿಕೊಡ್ರಿ. ಆಯ್ತು ಅಂದರು, ಹೋಗಲಿಲ್ಲ. ಆಮೇಲೆ ನಾನು 6:45ಕ್ಕೆ ಆಯಿಗೆ ಫೋನ್ ಮಾಡುವುದು, ಅವರು ಒಂದು ದಿನ ಮರೆಯುವುದು, ಇನ್ನೊಂದು ದಿನ ಗುಡಿಗೆ ಹೋಗಿರುವುದು. ಹೀಗೇ ನಡೆಯಿತು. ದ್ವಿತೀಯ ಪಿಯು ಪರೀಕ್ಷೆಗೆ ಒಂದು ತಿಂಗಳಿತ್ತು. ಇಂಟಿಗ್ರೇಷನ್ ಪಾಠ ಮೂರು ಸಲ ನಡುವೆ ನಿಂತಿತು. ಚಿಂಚೋಳಿ ಕಡೆಯ ಒಬ್ಬ ಹುಡುಗಿಗೆ ಸ್ವಂತ ಫೋನ್ ಇರಲಿಲ್ಲ, ಪಕ್ಕದ ಮನೆಯವರ ಫೋನ್ ಇಸಕೊಂಡು ಕೂರುತ್ತಿದ್ದಳು. ಆ ಫೋನ್ ಅವಳಿಗೆ ಸಿಗುತ್ತಿದ್ದದ್ದೇ ಒಂದು ತಾಸು. ಅವಳ ತಾಸು ಹೋದದ್ದಕ್ಕೆ ನನಗೆ ಇವತ್ತಿಗೂ ಬೇಜಾರಿದೆ.

ನಾಲ್ಕನೇ ತಿಂಗಳಿಗೆ ತೆಗೆಸಿದೆ. ಉಳಿದ 2 ತಿಂಗಳ 1,000 ರೂಪಾಯಿ ವಾಪಸ್ ಬರಲಿಲ್ಲ.

ನಡುವೆ ಕೆಲವು ದಿನ ಮೊಬೈಲ್ ಹಾಟ್‌ಸ್ಪಾಟಲ್ಲಿ ನಡೆಸಿದೆ. ಒಂದು ತಾಸು ವಿಡಿಯೋ ಕ್ಲಾಸಿಗೆ ಹೆಚ್ಚೂ ಕಡಿಮೆ 1 ಜಿಬಿ. ದಿನಕ್ಕೆ 2 ಜಿಬಿ ಪ್ಯಾಕಲ್ಲಿ ಮೂರು ತಾಸು ಆಗುವುದಿಲ್ಲ. ಅಷ್ಟೇ ಕತೆ.

ಎರಡನೆಯದು ಮಾಳಿಗೆ ಮೇಲೆ ಕೂರಿಸುವ 5ಜಿ ಡಬ್ಬಿ. ಇದನ್ನು ಹೇಳಿದ್ದು ನನ್ನ ತಮ್ಮ. ಅವನ ಮನೆ ಸೇಡಂ ರಸ್ತೆಯಲ್ಲಿ, ವಿಶ್ವವಿದ್ಯಾಲಯ ದಾಟಿದ ಮೇಲೆ ಹೊಸ ಲೇಔಟಲ್ಲಿ. ಅಲ್ಲಿಗೆ ಇನ್ನೂ ಯಾರ ವೈರೂ ಬಂದಿಲ್ಲ, ಸುತ್ತ ಮನೆಗಳೂ ಕಡಿಮೆ. ಅವನಿಗೆ ಈ ಡಬ್ಬಿ ತುಂಬ ಚೆನ್ನಾಗಿ ನಡೆದಿದೆ. ನನಗೂ ಹಾಗೇ ಆಗುತ್ತದೆ ಅಂದುಕೊಂಡೆ. ಹಾಕಿಸಲು 1,000 ಕೊಟ್ಟೆ. ತಿಂಗಳಿಗೆ 599, ಅದರ ಮೇಲೆ 18 ಪರ್ಸೆಂಟ್ ಜಿಎಸ್‌ಟಿ ಸೇರಿ 707. ನನ್ನ 600ರ ಗೆರೆ ಅಲ್ಲೇ ದಾಟಿತು.

ಇದರ ಒಳ್ಳೆಯ ಗುಣ ಮೊದಲು ಹೇಳಬೇಕು. ಎರಡು ದಿನದಲ್ಲಿ ಬಂದು ಕೂರಿಸಿದರು. ನಡುವೆ ಯಾರ ಮನೆಯ ಡಬ್ಬಿಯೂ ಇಲ್ಲ, ಯಾವ ಆಯಿಯ ಬಟನ್ನೂ ಇಲ್ಲ. ಕರೆಂಟ್ ಹೋದರೂ ಟವರ್‌ಗೆ ಬ್ಯಾಟರಿ ಇರುತ್ತದೆ, ನಮಗೆ ಇನ್ವರ್ಟರ್ ಇದೆ, ನೆಟ್ ನಡೆಯುತ್ತಿತ್ತು. ಮುಂಜಾನೆ ಸ್ಪೀಡ್ ನೋಡಿದರೆ ಖುಷಿಯಾಗುತ್ತಿತ್ತು.

ತೊಂದರೆ ಸಂಜೆ. ಟವರ್ ಅನ್ನುವುದು ಎಲ್ಲರೂ ಹಂಚಿಕೊಳ್ಳುವ ವಸ್ತು. ನಮ್ಮ ಕಡೆ ಮನೆಗಳು ಒತ್ತೊತ್ತಾಗಿವೆ. ಸಂಜೆ ಎಲ್ಲರೂ ಮನೆಗೆ ಬಂದು ಫೋನ್ ಹಿಡಿದರೆ ನನ್ನ ಪಾಲು ಕಡಿಮೆಯಾಗುತ್ತದೆ. ಅದರಲ್ಲೂ ಪೆಟ್ಟು ಬೀಳುವುದು ಅಪ್‌ಲೋಡ್‌ಗೆ. ಮೊಬೈಲ್ ನೆಟ್‌ವರ್ಕಲ್ಲಿ ಹೆಚ್ಚಿನ ಪಾಲನ್ನು ಡೌನ್‌ಲೋಡ್‌ಗೆ ಇಡುತ್ತಾರೆ, ಯಾಕೆಂದರೆ ಜನ ನೋಡುವುದೇ ಜಾಸ್ತಿ. ನೋಡುವವರಿಗೆ ಅದು ಗೊತ್ತೂ ಆಗುವುದಿಲ್ಲ. ಆದರೆ ಪಾಠ ಮಾಡುವವರ ಕೆಲಸವೆಲ್ಲ ಅಪ್‌ಲೋಡ್. ನನ್ನ ದನಿ, ನನ್ನ ಬೋರ್ಡು ಎಲ್ಲವೂ ಇಲ್ಲಿಂದ ಹೊರಗೆ ಹೋಗಬೇಕು. ವಿಡಿಯೋ ಕ್ಲಾಸಿಗೆ 3-4 ಎಂಬಿಪಿಎಸ್ ಅಪ್‌ಲೋಡ್ ಸಾಕು. ಸಂಜೆ 8ಕ್ಕೆ ನನಗೆ ಕೆಲವು ದಿನ 2 ಕೂಡ ಸಿಗುತ್ತಿರಲಿಲ್ಲ. ಮಕ್ಕಳು ನನಗೆ ಚೆನ್ನಾಗಿ ಕಾಣುತ್ತಿದ್ದರು, ನನ್ನ ದನಿ ಮಾತ್ರ ಅವರಿಗೆ ತುಂಡು ತುಂಡಾಗಿ ಕೇಳುತ್ತಿತ್ತು. ಎರಡು ತಿಂಗಳು ನೋಡಿ ವಾಪಸ್ ಕೊಟ್ಟೆ.

ಮೂರನೆಯದು ಫೈಬರ್. ಇದಕ್ಕೆ 11 ದಿನ ಕಾಯಬೇಕಾಯಿತು. ಕಾದದ್ದಕ್ಕೆ ಬೇಜಾರಿಲ್ಲ. ಈ ಸಲ ನಾನು ಲೈನ್‌ಮನ್‌ಗೆ ಮೊದಲು ಕೇಳಿದ್ದೇ ಡಬ್ಬಿಯ ವಿಷಯ. "ನಡುವೆ ಎಲ್ಲೆಲ್ಲಿ ಡಬ್ಬಿ ಅದಪಾ? ಕರೆಂಟ್ ಯಾರದು?" ಅಂದೆ. ಅವನು ಕಂಬದ ಮೇಲಿನ ಕರೀ ಪೆಟ್ಟಿಗೆ ತೋರಿಸಿ, "ಅದಕ್ಕ ಕರೆಂಟೇ ಬ್ಯಾಡ್ರಿ ಅಕ್ಕೋರ," ಅಂದ.

ಅವನು ಹೇಳಿದ್ದು ನಿಜ. ಫೈಬರ್ ಅಂದರೆ ಕೂದಲಿನಷ್ಟು ಸಣ್ಣ ಗಾಜಿನ ಎಳೆ, ಅದರಲ್ಲಿ ಬೆಳಕು ಓಡುತ್ತದೆ. ಅತ್ತ ಕಂಪನಿಯ ಕೇಂದ್ರದಿಂದ ಬಂದ ಒಂದು ಎಳೆಯ ಬೆಳಕನ್ನು ಕಂಬದ ಮೇಲಿನ ಸ್ಪ್ಲಿಟರ್ ಹಲವು ಮನೆಗಳಿಗೆ ಹಂಚುತ್ತದೆ, 8, 16, 32 ಹೀಗೆ. ಅದು ಸುಮ್ನೆ ಗಾಜು, ಬೆಳಕನ್ನು ಒಡೆದು ಕಳಿಸುತ್ತದೆ ಅಷ್ಟೇ. 20 ಕಿಲೋಮೀಟರ್ ದೂರದವರೆಗೂ ನಡುವೆ ಕರೆಂಟ್ ಇಲ್ಲದೆ ಹೋಗುತ್ತದೆ. ಕರೆಂಟ್ ಬೇಕಾದದ್ದು ಅವರ ಕೇಂದ್ರದಲ್ಲಿ ಮತ್ತು ನನ್ನ ಮನೆಯಲ್ಲಿ, ಎರಡೇ ಕಡೆ. ನನಗೆ ಬೇಕಾಗಿದ್ದು ಇದೇ.

ಹಾಕಿದ ದಿನ ಸುಡು ಬಿಸಿಲು. ಹುಡುಗ ಸ್ಕೂಟರ್ ಸೀಟಿನ ಮೇಲೆ ಮಷಿನ್ ಇಟ್ಟುಕೊಂಡು, ಎಳೆಯ ಮೇಲಿನ ಸಿಪ್ಪೆ ಸುಲಿದು, ಒರೆಸಿ, ಎರಡು ತುದಿ ಎದುರುಬದುರು ಇಟ್ಟು ಮುಚ್ಚಳ ಹಾಕಿದ. ಸಣ್ಣ ಪರದೆಯ ಮೇಲೆ ಎರಡು ತುದಿ ಹತ್ತಿರ ಬಂದು, ಒಂದು ಮಿಂಚು ಹೊಳೆದು ಒಂದಾದದ್ದು ಕಂಡಿತು. ಆಮೇಲೆ ಮೀಟರ್ ಹಚ್ಚಿ ತೋರಿಸಿದ, ಮನೆಗೆ ಬರುವ ಬೆಳಕಿನ ಅಳತೆ ಮೈನಸ್ 21. ಮೈನಸ್ 27ರ ಹತ್ತಿರ ಹೋದರೆ ಬೆಳಕು ಸಾಲದು, ಆಗ ನೆಟ್ ಕಡಿಯುತ್ತದೆ ಅಂದ. ನೀವು ಫೈಬರ್ ಹಾಕಿಸಿದರೆ ಈ ಅಂಕಿ ಕೇಳಿ ಬರೆದಿಟ್ಟುಕೊಳ್ಳಿ. ಮೂಲೆಯಲ್ಲಿ ವೈರನ್ನು ಬಿಗಿಯಾಗಿ ಮಡಚಬೇಡಿ, ಬೆಳಕು ಅಲ್ಲೇ ಸೋರಿಹೋಗುತ್ತದೆ.

ಒಂದು ಸಣ್ಣ ತೊಡಕು ಇದರಲ್ಲೂ ಇತ್ತು. ಕರೆಂಟ್ ಹೋಗಿ ಇನ್ವರ್ಟರ್ ಹಿಡಿಯುವ ಆ ಒಂದು ಕ್ಷಣದಲ್ಲಿ ಮನೆಯ ಡಬ್ಬಿ ಆರಿ ಹೊತ್ತುತ್ತಿತ್ತು. ಮತ್ತೆ ನೆಟ್ ಹಿಡಿಯಲು ಎರಡು ಮೂರು ನಿಮಿಷ. ಬೇಸಿಗೆಯಲ್ಲಿ ಸಂಜೆ ನಾಲ್ಕು ಸಲ ಕರೆಂಟ್ ಹೋದರೆ ಹತ್ತು ನಿಮಿಷದ ಪಾಠ ಹೋಯಿತು. ಸೂಪರ್ ಮಾರ್ಕೆಟ್‌ನಲ್ಲಿ 1,300 ರೂಪಾಯಿಗೆ ರೌಟರ್‌ಗೆ ಹಚ್ಚುವ ಮಿನಿ ಯುಪಿಎಸ್ ತಂದೆ. ಡಬ್ಬಿ 12 ವೋಲ್ಟ್ ಇದ್ದರೆ ಯುಪಿಎಸ್ಸೂ 12 ವೋಲ್ಟ್‌ದೇ ಇರಬೇಕು, ಅಡಾಪ್ಟರ್ ಮೇಲೆ ಓದಿ ತನ್ನಿ. ಅವತ್ತಿನಿಂದ ಕರೆಂಟ್ ಹೋದದ್ದು ಮಕ್ಕಳಿಗೆ ಗೊತ್ತೇ ಆಗುವುದಿಲ್ಲ.

ಗೋಡೆಗೆ ಔಷಧಿ ವೈರು. ನಡುಮನೆಯ ಡಬ್ಬಿಯಿಂದ ನಾನು ಪಾಠ ಮಾಡುವ ಕೋಣೆಗೆ ಕಿಟಕಿ ಪಕ್ಕದಿಂದ 15 ಮೀಟರ್ ಲ್ಯಾನ್ ವೈರು ಎಳೆಸಿದೆ. ಕಲ್ಲಿನ ಗೋಡೆ ಇರುವ ಮನೆಯಲ್ಲಿ ದುಬಾರಿ ರೌಟರ್ ತರುವ ಮೊದಲು ಇದನ್ನು ಮಾಡಿ ನೋಡಿ. ಮೊಬೈಲ್‌ಗಳಿಗೆ 2.4 ಗಿಗಾಹರ್ಟ್ಸ್ ವೈಫೈ ಇಟ್ಟಿದ್ದೇನೆ. 5 ಗಿಗಾಹರ್ಟ್ಸ್‌ನದು ವೇಗ ಜಾಸ್ತಿ, ಆದರೆ ನಮ್ಮ ಗೋಡೆ ದಾಟುವುದಿಲ್ಲ.

ಮಳೆಗಾಲದಲ್ಲಿ ಚರಂಡಿ ಅಗೆಯುವಾಗ ಒಮ್ಮೆ ಎಳೆ ಕಡಿಯಿತು. ಡಬ್ಬಿಯ ಮೇಲೆ ಕೆಂಪು ದೀಪ. ಒಂದೂವರೆ ದಿನ ನೆಟ್ ಇರಲಿಲ್ಲ. ತಮ್ಮನ ಮನೆಗೆ ಹೋಗಿ ಪಾಠ ಮಾಡಿದೆ. 7 ತಿಂಗಳಲ್ಲಿ ಅದೊಂದೇ ಸಲ.

ಖರ್ಚು: 399ರ ಪ್ಲಾನ್, ಜಿಎಸ್‌ಟಿ ಸೇರಿ 471. ಸ್ಪೀಡ್ 30 ಎಂಬಿಪಿಎಸ್, ಅಪ್‌ಲೋಡೂ ಹೆಚ್ಚೂ ಕಡಿಮೆ ಅಷ್ಟೇ. ನಾನು, ಮನೆಯವರು, ಒಂದು ಟೀವಿ. ಸಾಕಾಗಿ ಮಿಕ್ಕಿದೆ. 100 ಎಂಬಿಪಿಎಸ್ ತಗೊಳ್ಳಿ ಅಂತ ಫೋನ್ ಬರುತ್ತಲೇ ಇರುತ್ತದೆ, ಬೇಡ ಅನ್ನುತ್ತೇನೆ. ನಾನು ಗೆರೆ ಹಾಕಿಕೊಂಡ 600ರಲ್ಲಿ ಉಳಿದ ರೊಕ್ಕ ಮೂರು ತಿಂಗಳಲ್ಲಿ ಯುಪಿಎಸ್‌ನ ಖರ್ಚಿನ ಕಾಲುಭಾಗಕ್ಕಿಂತ ಹೆಚ್ಚನ್ನು ತುಂಬಿತು.

ನಿಮ್ಮ ಮನೆ ಹಳೇ ಊರಲ್ಲಿದ್ದು, ಕಂಬದ ಮೇಲೆ ಫೈಬರ್ ಬಂದಿದ್ದರೆ ಬೇರೆ ಯೋಚನೆ ಮಾಡಬೇಡಿ, ಅದನ್ನೇ ಹಾಕಿಸಿ. ಎಲ್ಲಕ್ಕಿಂತ ಸಣ್ಣ ಪ್ಲಾನ್‌ನಿಂದ ಶುರು ಮಾಡಿ. ತಮ್ಮನ ಥರ ಹೊಸ ಲೇಔಟಲ್ಲಿದ್ದು, ನೀವು ನೋಡುವವರೇ ಹೊರತು ಕಳಿಸುವವರಲ್ಲದಿದ್ದರೆ 5ಜಿ ಡಬ್ಬಿ ನಡೆಯುತ್ತದೆ. ಕೇಬಲ್‌ನವರದ್ದೇ ಹಾಕಿಸುವುದಾದರೆ ಅವರೂ ಮನೆಯವರೆಗೆ ಫೈಬರ್ ತರುತ್ತಾರಾ ಕೇಳಿ, ಈಗ ಕೆಲವರು ತರುತ್ತಿದ್ದಾರೆ. ತಾಮ್ರದ ವೈರು ಅಂದರೆ ಡಬ್ಬಿ ಯಾರ ಮಾಳಿಗೆ ಮೇಲಿದೆ ಅಂತ ಹೋಗಿ ನೋಡಿ, ಆ ಮನೆಯವರ ಜೊತೆ ಒಂದು ಮಾತು ಆಡಿ ಬನ್ನಿ. ಯಾರಿಗೇ ಆಗಲಿ, 6 ತಿಂಗಳ ರೊಕ್ಕ ಮೊದಲೇ ಕಟ್ಟಬೇಡಿ.

ಆ ಆಯಿಯನ್ನು ಶರಣಬಸವೇಶ್ವರರ ಗುಡಿಯಲ್ಲಿ ಆಗಾಗ ಕಾಣುತ್ತೇನೆ. ಅವರ ಟೀವಿ ಇನ್ನೂ ಹಚ್ಚಿಕೊಟ್ಟಿಲ್ಲವಂತೆ. ಡಬ್ಬಿ ಅಲ್ಲೇ ಇದೆ, ಸಂಜೆ 7ಕ್ಕೆ ಬಟನ್ ಬಂದ್.